ಸ್ಪಷ್ಟನೆ: ಅಂತರಶಿಸ್ತೀಯ ಕಲಿಕೆ ಎಂದರೆ ಅರೆಬರೆ ಕಲಿಕೆಯಲ್ಲ

‘ಹಲವು ವಿಷಯಗಳನ್ನು ಬೆಸೆದು ಕಲಿತವರಿಗೆ ಎಲ್ಲವೂ ಅರ್ಧಂಬರ್ಧ, ಕಠಿಣ ಸಮಸ್ಯೆ ಬಗೆಹರಿಸುವುದು ಒಂದೇ ವಿಷಯದ ತಜ್ಞರು ಮಾತ್ರ’ ಎಂಬ ಸಂದೇಶ ಹರಿದಾಡುತ್ತಿದೆ. ಮೊದಲರ್ಧ ಕೆಲವು ಕೋರ್ಸ್‌ಗಳ ಮಟ್ಟಿಗೆ ನಿಜವಿರಬಹುದು. ಎರಡನೆಯರ್ಧ ತಪ್ಪು.

2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಎಂಬ ಮಾರಕ ರೋಗ ಹಬ್ಬಿದ್ದನ್ನೇ ನೋಡಿ. ವೈರಸ್ ಹೊಸದಲ್ಲ, 1976ರಲ್ಲೇ ಪತ್ತೆಯಾಗಿತ್ತು. ಅದು ದೇಹದ ದ್ರವಗಳಿಂದ ಹರಡುತ್ತದೆ, ಸತ್ತವರ ದೇಹದಿಂದಲೂ ಸೋಂಕು ತಗಲುತ್ತದೆ ಎಂಬುದು ವೈದ್ಯರಿಗೆ ಗೊತ್ತಿತ್ತು. ಆದರೂ ಶವವನ್ನು ಮುಟ್ಟಿ, ತೊಳೆದು ಕಳಿಸಿಕೊಡುವ ಸಂಪ್ರದಾಯ ನಿಲ್ಲಲಿಲ್ಲ. ರಕ್ಷಾಕವಚ ತೊಟ್ಟವರು ಬಂದು ಹೆಣ ಒಯ್ದಾಗ ಜನ ಹೆದರಿದರು, ರೋಗಿಗಳನ್ನು ಬಚ್ಚಿಟ್ಟರು, ರಾತ್ರೋರಾತ್ರಿ ಗುಟ್ಟಾಗಿ ಹೂಳಿದರು. ಇದಕ್ಕೆ ಸೂಕ್ಷ್ಮದರ್ಶಕದಲ್ಲಿ ಉತ್ತರ ಸಿಗುವುದಾದರೂ ಹೇಗೆ? ಮಾನವಶಾಸ್ತ್ರಜ್ಞರು ಕುಟುಂಬಗಳ ಜೊತೆ ಕುಳಿತು ಮಾತಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಶವಸಂಸ್ಕಾರದ ಮಾರ್ಗಸೂಚಿಯಲ್ಲಿ ಸುರಕ್ಷತೆಯಷ್ಟೇ ಗೌರವಕ್ಕೂ ಜಾಗವಿತ್ತು. ಮನೆಯವರು, ಧರ್ಮಗುರುಗಳು ಪಾಲ್ಗೊಳ್ಳಲು ದಾರಿಯಿತ್ತು. ವೈರಾಣುಶಾಸ್ತ್ರ ಇಲ್ಲಿ ಸೋತಿತು ಎಂದಲ್ಲ, ಅದೊಂದೇ ಸಾಲಲಿಲ್ಲ.

ಪ್ರಯೋಗಾಲಯದೊಳಗೂ ಕಥೆ ಬೇರೆಯಲ್ಲ. 1953ರಲ್ಲಿ ಡಿಎನ್‌ಎ ರಚನೆ ಬಯಲಾಯಿತು. ಅದರ ಹಿಂದಿದ್ದ ವಿಜ್ಞಾನಿಗಳಲ್ಲಿ ವಾಟ್ಸನ್ ಓದಿದ್ದು ಪ್ರಾಣಿಶಾಸ್ತ್ರ, ಕ್ರಿಕ್ ಭೌತಶಾಸ್ತ್ರ, ರೋಸಲಿಂಡ್ ಫ್ರಾಂಕ್ಲಿನ್ ಭೌತರಸಾಯನಶಾಸ್ತ್ರ.

ಗಮನಿಸಿ, ಇವರಲ್ಲಿ ಯಾರೂ ಅರೆಬರೆ ಕಲಿತವರಲ್ಲ. ಅಂತರಶಿಸ್ತೀಯ ಶಿಕ್ಷಣ ಆಳವನ್ನು ಬಿಡು ಎನ್ನುವುದಿಲ್ಲ. ಒಂದರಲ್ಲಿ ಗಟ್ಟಿಯಾಗಿದ್ದು ಪಕ್ಕದವರ ಪ್ರಶ್ನೆಯನ್ನೂ ಅರ್ಥಮಾಡಿಕೊಳ್ಳಲು ಕಲಿಸುತ್ತದೆ. ನಾಲ್ಕು ಪರಿಚಯ ಪಾಠಗಳನ್ನು ಒಟ್ಟಿಗೆ ಹೊಲಿದು ಆ ಹೆಸರಿಡುವ ಕೋರ್ಸ್‌ಗಳ ಬಗ್ಗೆ ಸಂದೇಶ ಬರೆದವರ ಸಿಟ್ಟು ನ್ಯಾಯವೇ. ಆದರೆ ಆ ದೂರು ಪಠ್ಯಕ್ರಮ ರೂಪಿಸಿದವರಿಗೆ ಸೇರಬೇಕು.