ಚಿನ್ನದ ಹಿನ್ನೆಲೆ ಬರೀ ಆಡಂಬರವಲ್ಲ

ಇಟಲಿಯ ಸಿಯೆನಾ ನಗರದ ಚಿತ್ರಕಾರ ದುಚ್ಚೊನ ‘ಮಾಯೆಸ್ತಾ’ (ಸಿಂಹಾಸನದಲ್ಲಿ ಕೂತ ಮೇರಿಯ ಚಿತ್ರ, 1308–11) ಚಿತ್ರದ ಚಿನ್ನದ ಹಿನ್ನೆಲೆಯನ್ನು ಲೇಖನವೊಂದು ‘ಸಿಯೆನಾದ ಶ್ರೀಮಂತಿಕೆಯ ಪ್ರದರ್ಶನ’ ಎಂದು ಮುಗಿಸಿಬಿಟ್ಟಿದೆ. ಅರ್ಧಸತ್ಯ. ಆ ಚಿನ್ನ ದೇವಲೋಕದ ಬೆಳಕು; ಅದಕ್ಕೇ ಅದರ ಮೇಲೆ ಯಾರ ನೆರಳೂ ಬೀಳುವುದಿಲ್ಲ.

ಆ ಕಾಲದ ಇಟಲಿಯ ಫಲಕಗಳ (ಮರದ ಹಲಗೆಯ ಮೇಲಿನ ಚಿತ್ರಗಳ) ಕೆಲಸವೂ ನಾಜೂಕಿನದು. ಹಲಗೆಗೆ ಬಟ್ಟೆ ಅಂಟಿಸಿ, ಜಿಪ್ಸಮ್ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಹಲವು ಪದರ ಬಳಿಯುತ್ತಿದ್ದರು. ಅಂಟು ಹೆಚ್ಚಾದರೆ ಬಿರುಕು, ಕಡಿಮೆಯಾದರೆ ಪುಡಿಪುಡಿ. ಮೇಲೆ ಮೊಟ್ಟೆಯ ಬಿಳಿಯಲ್ಲಿ ಅರೆದ ಕೆಂಪು ಜೇಡಿ, ಅದರ ಮೇಲೆ ಉಸಿರಾಡಿದರೂ ಹಾರಿಹೋಗುವಷ್ಟು ತೆಳ್ಳನೆಯ ಚಿನ್ನದ ರೇಕು. ಆಮೇಲೆ ನಯವಾದ ಕಲ್ಲಿನಿಂದ ಇಲ್ಲವೇ ನಾಯಿಹಲ್ಲಿನಿಂದ (ಹೌದು, ನಾಯಿಹಲ್ಲೇ!) ತಿಕ್ಕುವುದು. ಜೇಡಿ ಹಸಿಯಿದ್ದರೆ ರೇಕು ಕಿತ್ತುಬರುತ್ತದೆ, ತೀರಾ ಒಣಗಿದರೆ ಹೊಳಪೇ ಬಾರದು. ಹಳೆಯ ಫಲಕಗಳಲ್ಲಿ ಚಿನ್ನ ಸವೆದಲ್ಲಿ ಇಣುಕುವ ಕೆಂಪು ಈ ಜೇಡಿಯದೇ.