ಮಂಚದ ಪಕ್ಕದ ತೊಟ್ಟಿಲು: ಬಣ್ಣಕ್ಕಿಂತ ಮೊದಲು ಸಂದು ನೋಡಿ

ಮಂಚಕ್ಕೆ ತಾಗಿಸಿ ಇಡುವ ತೊಟ್ಟಿಲು ಕೊಳ್ಳುವಾಗ ಬಣ್ಣ, ಚಕ್ರ, ಮಡಚುವ ಅನುಕೂಲ ನೋಡಿ ಎಂದು ತೊಟ್ಟಿಲು ಕೊಳ್ಳುವವರಿಗೆ ನೀವು ಬರೆದ ಲೇಖನದಲ್ಲಿ ಹೇಳಿದ್ದೀರಿ. ನೋಡೋಣ, ಆದರೆ ಮೊದಲು ಮಂಚಕ್ಕೂ ತೊಟ್ಟಿಲಿಗೂ ನಡುವಿನ ಸಂದು. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಗಳಲ್ಲಿ ಮಂಚ ಎತ್ತರ, ಹತ್ತಿಯ ಹಾಸಿಗೆ ನಡುವೆ ತಗ್ಗಿ ಅಂಚಿನಲ್ಲಿ ಉಬ್ಬಿರುತ್ತದೆ. ತೊಟ್ಟಿಲು ಅದಕ್ಕೆ ಸಮನಾಗಿ ಕೂರುವುದೇ ಇಲ್ಲ. ತೊಟ್ಟಿಲನ್ನು ಮಂಚಕ್ಕೆ ಕಟ್ಟುವ ಪಟ್ಟಿ ಬಿಗಿದ ಮೇಲೂ ನಡುವೆ ಜಾಗ ಉಳಿದರೆ ಆ ತೊಟ್ಟಿಲು ಆ ಮಂಚಕ್ಕಲ್ಲ. ಹಳೆಯ ಸೀರೆ ತುರುಕಿ ಸಂದು ಮುಚ್ಚುವ ಜಾಣತನ ಬೇಡ, ಮಗುವಿನ ಮೂಗು ಅಲ್ಲಿಯೇ ಸಿಕ್ಕಿಕೊಳ್ಳುವುದು. ಕಂಬಿಗಳ ನಡುವಿನ ಅಂತರ 6 ಸೆಂ.ಮೀ. ದಾಟಬಾರದು.

ಒಳಗೆ ಗಟ್ಟಿಯಾದ ಸಮತಟ್ಟು ಹಾಸು, ಅದರ ಮೇಲೆ ಅಂಗಾತ ಮಲಗಿದ ಮಗು, ಅಷ್ಟೇ. ತಲೆ ದುಂಡಗಾಗಲೆಂದು ಅಜ್ಜಿ ಹೊಲಿದುಕೊಟ್ಟ ಸಾಸಿವೆ ದಿಂಬನ್ನು ಪ್ರೀತಿಯಿಂದ ತೆಗೆದುಕೊಂಡು ಕಪಾಟಿನಲ್ಲಿಡಿ. ಸುತ್ತ ಕಟ್ಟುವ ಮೆತ್ತನೆಯ ಬಂಪರ್ ಕೂಡ ಬೇಡ. ಅದನ್ನೂ, 10 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮಲಗಿಸುವ ಸಾಧನಗಳನ್ನೂ ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿದೆ. ನಮ್ಮಲ್ಲಿ ಇನ್ನೂ 'ಉಡುಗೊರೆ ಸೆಟ್' ಎಂದು ಮಾರುತ್ತಾರೆ! ಕನಿಷ್ಠ 6 ತಿಂಗಳು ಮಗು ತಾಯಿಯ ಕೋಣೆಯಲ್ಲಿ, ಆದರೆ ಬೇರೆ ಹಾಸಿನಲ್ಲಿ ಮಲಗಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ನೀವು ಬರೆಯದ ಇನ್ನೊಂದು ವಿಷಯ ಆಷಾಢದ ಥಂಡಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಕಂಬಳಿ ಹೊದಿಸುವ ಬದಲು ಮೈಗೆ ಒಂದು ಪದರ ಬಟ್ಟೆ ಹೆಚ್ಚು ತೊಡಿಸಿ. ಸೊಳ್ಳೆಪರದೆಯನ್ನು ಮುಖದ ಮೇಲೆ ಇಳಿಬೀಳದಂತೆ ಎಳೆದು ಕಟ್ಟಿ.