ಬೆರಕೆ ಸೊಪ್ಪು, ತೊಳೆದದ್ದು

ಕಳೆದ ಭಾನುವಾರ ಹಾಲು ತರೋಣ ಅಂತ ಹೋದವನು ಸೊಪ್ಪಿನ ವಿಷಯಕ್ಕೆ ಜಗಳ ಮಾಡಿಕೊಂಡು ಬಂದೆ. ಹಾಲು ತರಲಿಲ್ಲ.

ನಮ್ಮ ರಸ್ತೆಯ ಕೊನೆಯಲ್ಲಿ ಹೊಸದಾಗಿ ಒಂದು ದೊಡ್ಡ ಅಂಗಡಿ ಬಂದಿದೆ. ಅಲ್ಲಿ ತರಕಾರಿಗೂ ಏಸಿ. ಸೊಪ್ಪಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡಿತು. ಮೇಲೊಂದು ಚೀಟಿ: "ಬೆರಕೆ ಸೊಪ್ಪು. ತೊಳೆದದ್ದು. 150 ಗ್ರಾಂ. 79 ರೂಪಾಯಿ." ಕೋಲಾರ ಜಿಲ್ಲೆಯವನಿಗೆ ಬೆಂಗಳೂರಿನಲ್ಲಿ ಬೆರಕೆ ಸೊಪ್ಪು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಬೇರೆಯವರಿಗೆ ಹೇಳಿ ಪ್ರಯೋಜನವಿಲ್ಲ. ಡಬ್ಬಿ ಎತ್ತಿ ತಿರುಗಿಸಿದೆ. ಪಾಲಕ್, ಮೆಂತ್ಯ, ಸಬ್ಬಸಿಗೆ, ದಂಟು. ಇನ್ನೊಂದು ಸಲ ತಿರುಗಿಸಿದೆ. ಅವೇ ನಾಲ್ಕು.

ಬಿಲ್ ಹಾಕುವ ಹುಡುಗನ ಹತ್ತಿರ ಹೋಗಿ, "ಇದು ಬೆರಕೆ ಸೊಪ್ಪಲ್ಲ ಕಣಪ್ಪ" ಅಂದೆ.

"ಮಿಕ್ಸ್ ಇದೆಯಲ್ಲಾ ಸಾರ್" ಅಂದ.

"ಮಿಕ್ಸ್ ಇದ್ದರೆ ಸಾಲದು. ಅದನ್ನ ಯಾರೂ ಬಿತ್ತಿರಬಾರದು."

ನನ್ನ ಹಿಂದೆ ನಿಂತಿದ್ದ ಹೆಂಗಸು ತಮ್ಮ ಗಾಡಿಯನ್ನು ಪಕ್ಕದ ಸಾಲಿಗೆ ತಳ್ಳಿಕೊಂಡು ಹೋದರು. "ಬಿತ್ತದೇ ಹೇಗೆ ಸಾರ್ ಬರುತ್ತೆ?" ಅಂತ ಹುಡುಗ ಕೇಳಿದ. ಪಾಪ, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ ಅಂತ ಈಗ ಅನ್ನಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ನನ್ನ ಧ್ವನಿ ಏರಿತ್ತು. ಹಾಲು, ತುಪ್ಪ, ಜೇನುತುಪ್ಪ ಯಾವುದಕ್ಕೆ ಬೆರಕೆ ಅಂದರೂ ಅದು ಬೈಗುಳ. ಕನ್ನಡದಲ್ಲಿ ಆ ಪದಕ್ಕೆ ಮರ್ಯಾದೆ ಇರುವುದು ಇದೊಂದು ಜಾಗದಲ್ಲಿ. ಅಲ್ಲೂ ಕಲಬೆರಕೆ ಮಾಡಿದರೆ ಹೇಗೆ? ಇದನ್ನೆಲ್ಲ ಅವನಿಗೆ ಹೇಳಿದೆ. ಅವನು "79 ರೂಪಾಯಿ ಸಾರ್, ಕವರ್ ಬೇಕಾ?" ಅಂದ. ಸಾಕ್ಷಿಗೆ ಇರಲಿ ಅಂತ ಡಬ್ಬಿಯನ್ನು ಕೊಂಡುಕೊಂಡೆ.

ಇಷ್ಟೆಲ್ಲ ಕೂಗಾಡುವವನಿಗೆ ಸೊಪ್ಪು ಗೊತ್ತಿರಬೇಕಲ್ವಾ? ಅಷ್ಟಾಗಿ ಗೊತ್ತಿಲ್ಲ. ಗೋಣಿ ಸೊಪ್ಪು ಗೊತ್ತು, ದಪ್ಪ ಎಲೆ, ನೆಲಕ್ಕೆ ಅಂಟಿಕೊಂಡಿರುತ್ತದೆ. ಗಣಿಕೆ ಗೊತ್ತು, ಅದೂ ಚಿಕ್ಕಂದಿನಲ್ಲಿ ಅದರ ಕಪ್ಪು ಹಣ್ಣು ತಿಂದಿದ್ದರಿಂದ. ಹೊನಗೊನೆ ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳುತ್ತೇನೆ. ಅಣ್ಣೆ, ಕನ್ನೆ, ಕೀರೆ, ಕೊಮ್ಮೆ ಎಲ್ಲ ಬಾಯಲ್ಲಿ ಸರಾಗ, ನೆಲದ ಮೇಲೆ ಗೊಂದಲ. ನಮ್ಮ ಕಡೆ ಈ ವಿದ್ಯೆ ಹೆಂಗಸರ ಮಡಿಲಲ್ಲೇ ಇತ್ತು. ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಕೀಳುತ್ತಾ, ಎಸೆಯುವುದನ್ನು ಬದುವಿಗೆ ಎಸೆದು, ಬೇಯಿಸುವುದನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಗಂಡಸರಾದ ನಮಗೆ ಅದು ಗೊತ್ತಾಗುತ್ತಿದ್ದದ್ದು ತಟ್ಟೆಗೆ ಬಂದ ಮೇಲೆ. ಮುದ್ದೆಯ ಪಕ್ಕದಲ್ಲಿ, ಮಸ್ಸೊಪ್ಪಾಗಿ.

ಒಂದು ಬೆರಕೆಗೆ ಎಷ್ಟು ಬಗೆ ಸೊಪ್ಪು ಸೇರಬೇಕು ಅನ್ನುವುದು ನನಗೆ ಬಹಳ ದಿನದಿಂದ ಇರುವ ಪ್ರಶ್ನೆ. ಅಮ್ಮ ಐದು ಅನ್ನುತ್ತಿದ್ದಳು. ಅತ್ತೆ ಒಂಬತ್ತಕ್ಕೆ ಕಡಿಮೆ ಇಳಿಯುತ್ತಿರಲಿಲ್ಲ. ಖಚಿತವಾಗಿ ಗೊತ್ತಿರುವುದು ನಮ್ಮ ದೊಡ್ಡಮ್ಮನಿಗೆ. ಅದನ್ನು ಈ ಬರಹ ಮುಗಿಯುವುದರೊಳಗೆ ಹೇಳುತ್ತೇನೆ. ಅದಕ್ಕೆ ಮೊದಲು ಸೈಟಿನ ಕತೆ.

2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತಲ್ಲ, ಅದಾಗಿ ಎರಡು ಮೂರು ವರ್ಷಕ್ಕೆ ನಾವೂ ಒಂದು ಸೈಟು ನೋಡೋಣ ಅಂತ ಹೊರಟೆವು. ನಾನು, ಹೆಂಡತಿ, ಜೊತೆಗೆ ದೊಡ್ಡಮ್ಮ. ಅವಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಶ್ರೀನಿವಾಸಪುರದ ಕಡೆಯಿಂದ ಬಂದವಳು ನಮ್ಮ ಮನೆಯಲ್ಲೇ ಇದ್ದಳು. ಆಪರೇಶನ್ ಆಗಿ ಹತ್ತು ದಿನ. ಡಾಕ್ಟರು ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು ಅಂದಿದ್ದರು. ಮನೆಯಲ್ಲಿ ಒಬ್ಬಳನ್ನೇ ಬಿಟ್ಟರೆ ಈ ಮೂರನ್ನೂ ಮಾಡುತ್ತಾಳೆ ಅಂತ ಕರೆದುಕೊಂಡು ಹೋದೆವು. ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಛತ್ರಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಆಗಸ್ಟ್ ತಿಂಗಳು. ಎರಡು ದಿನ ಮಳೆ ಬಂದು ಬಿಟ್ಟಿತ್ತು. ದೂರದಲ್ಲಿ ನಂದಿ ಬೆಟ್ಟ. ಅಗಲವಾದ ಬಯಲಿಗೆ ಕಲ್ಲು ನೆಟ್ಟು, ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ನಂಬರ್ ಬರೆದಿದ್ದರು. ಟೈ ಕಟ್ಟಿಕೊಂಡ ಏಜೆಂಟ್ ಹುಡುಗ ಒಬ್ಬ ಬಂದು ನಮಗೆ ನುಣುಪು ಕಾಗದದ ಬ್ರೋಷರ್ ಕೊಟ್ಟ. "ಸಾರ್, ಇದು ಥರ್ಟಿ ಫಾರ್ಟಿ, ಪೂರ್ವ ದಿಕ್ಕು. ಅಲ್ಲಿ ಕ್ಲಬ್ ಹೌಸ್ ಬರುತ್ತೆ. ಅಲ್ಲಿ ಈಜುಕೊಳ." ಅವನು ಬೆರಳು ತೋರಿಸಿದ ಕಡೆ ಎರಡು ಎಮ್ಮೆ ಮೇಯುತ್ತಿದ್ದವು.

ದೊಡ್ಡಮ್ಮ ಕಾರಿನಿಂದ ಇಳಿದವಳು ಕನ್ನಡಕ ಹಣೆಗೆ ಏರಿಸಿದಳು. "ಅಯ್ಯೋ, ಎಷ್ಟೊಂದು ಹಸಿರಾಗಿ ಕಾಣ್ತದಲ್ಲೋ" ಅಂದಳು. ಆಮೇಲೆ ಛತ್ರಿಯ ತುದಿಯಿಂದ ನೆಲ ತೋರಿಸಿದಳು. "ಅಣ್ಣೆ ಸೊಪ್ಪು ಕಣೋ. ಇನ್ನೂ ಹೂವು ಬಿಟ್ಟಿಲ್ಲ. ಕೀಳು."

"ಆಮೇಲೆ ದೊಡ್ಡಮ್ಮ" ಅಂದೆ.

"ಹಂಗಾದ್ರೆ ನಾನೇ ಬಗ್ತೀನಿ."

ಇದು ಬೆದರಿಕೆ. ನಾನೇ ಬಗ್ಗಿದೆ. ಹೆಂಡತಿ ಏಜೆಂಟ್ ಜೊತೆ ಕಾವೇರಿ ನೀರಿನ ವಿಚಾರ ಮಾತಾಡುತ್ತಿದ್ದಳು. ನಾನು 64ನೇ ನಂಬರ್ ಸೈಟಿನ ಮಧ್ಯೆ ಕುಕ್ಕರಗಾಲಲ್ಲಿ ಕೂತು ದೊಡ್ಡಮ್ಮನ ಛತ್ರಿಯ ತುದಿ ಹೇಳಿದಂತೆ ಕೇಳುತ್ತಿದ್ದೆ. "ಅದಲ್ಲ, ಪಕ್ಕದ್ದು. ಬೇರು ಸಮೇತ ಕೀಳ್ತಿಯಲ್ಲೋ, ತುದಿ ಚಿವುಟು. ಅದನ್ನ ಬಿಸಾಕು, ಅದು ಕಾಂಗ್ರೆಸ್ಸು!" ನಾನು ಕೀರೆ ಅಂದುಕೊಂಡು ಪಾರ್ಥೇನಿಯಂ ಮರಿಗೆ ಕೈ ಹಾಕಿದ್ದೆ. (ಹೊರದೇಶದ ಗೋಧಿಯ ಜೊತೆ 1950ರ ದಶಕದಲ್ಲಿ ಬಂತು ಅನ್ನುವ ಈ ಗಿಡವನ್ನು ದನ ಕೂಡ ಮೂಸುವುದಿಲ್ಲ. ಹುಳವಾದರೂ ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಹುಳ ತಿನ್ನುತ್ತದೆ, ಗಿಡವೂ ಬೆಳೆಯುತ್ತದೆ. ನಾನು ಅದನ್ನು ಸಾರಿಗೆ ಹಾಕಿಸಲು ಹೊರಟಿದ್ದೆ.)

ಕಿತ್ತ ಸೊಪ್ಪು ಹಾಕಲು ಏನೂ ಇರಲಿಲ್ಲ. ಬ್ರೋಷರನ್ನು ಪೊಟ್ಟಣ ಮಾಡಿದೆ. ಈಜುಕೊಳದ ಚಿತ್ರದ ಮೇಲೆ ಸೊಪ್ಪು ಬಿತ್ತು.

ಅಷ್ಟರಲ್ಲಿ ಇನ್ನೊಂದು ಕಾರು ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡ ಇಸ್ತ್ರಿ ಮಾಡಿದ ಪ್ಯಾಂಟಿನವರು. ನನ್ನನ್ನು ನೋಡಿ ನಿಂತು, "ಏನಾದ್ರೂ ಬಿತ್ತಾ ಸಾರ್?" ಅಂತ ಕೇಳಿದರು. ಸೊಪ್ಪು ಕೀಳ್ತಿದೀನಿ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೈಟು ಕೊಳ್ಳಲು ಬಂದವನು, ಅವರ ಕಾರು ಬೇರೆ ನನ್ನದಕ್ಕಿಂತ ದೊಡ್ಡದು. ಬಾಯಿಗೆ ಬಂದದ್ದು, "ಉಂಗುರ."

ಒಳ್ಳೆಯ ಜನ. ಒಂದು ಮಾತೂ ಆಡದೆ ಪ್ಯಾಂಟು ಮಡಚಿ ಹುಡುಕಲು ಶುರು ಮಾಡಿದರು. ಮಕ್ಕಳಿಗೆ ಹಬ್ಬ. "ಅಂಕಲ್, ಚಿನ್ನದ್ದಾ? ಕಲ್ಲಿತ್ತಾ?" ಕಲ್ಲು ಇತ್ತು ಅಂದೆ. ಅವರ ಹೆಂಡತಿ, "ಮೊನ್ನೆ ನಮ್ಮ ಅಕ್ಕನದೂ ಹಿಂಗೇ ಬಿದ್ದು ಸಿಕ್ತು, ಗಾಬರಿ ಮಾಡ್ಕೋಬೇಡಿ" ಅಂತ ಸಮಾಧಾನ ಹೇಳಿದರು. ದೂರದಿಂದ ನೋಡಿದ ಏಜೆಂಟ್ ಹುಡುಗ ಓಡಿ ಬಂದ. ಅವನ ಮುಖ ಬಿಳುಚಿಕೊಂಡಿತ್ತು, ಲೇಔಟಲ್ಲಿ ಚಿನ್ನ ಕಳೆಯಿತು ಅಂತ ಸುದ್ದಿಯಾದರೆ ಅವನ ಗತಿ? ಹೆಂಡತಿಯೂ ಬಂದಳು. ನನ್ನ ಕೈ ನೋಡಿದಳು. ಮದುವೆಯಾದಾಗಿನಿಂದ ನಾನು ಉಂಗುರ ಹಾಕಿದವನಲ್ಲ. ಅವಳು ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಹತ್ತು ನಿಮಿಷ ಏಳು ಜನ ಬಗ್ಗಿಕೊಂಡು 64ನೇ ನಂಬರ್ ಸೈಟನ್ನು ಜಾಲಾಡಿದೆವು. ಒಬ್ಬ ಹುಡುಗ ಅಣ್ಣೆ ಸೊಪ್ಪನ್ನು ಕಾಲಲ್ಲಿ ಒದೆಯುತ್ತಾ ಹುಡುಕುತ್ತಿದ್ದ. ದೊಡ್ಡಮ್ಮನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಏ ಮಗ, ತುಳೀಬೇಡ್ವೋ. ಸಾರಿಗೆ ಅಂತ ನಾನು ಕೀಳಿಸ್ತಾ ಇದ್ರೆ! ಏನು ಹುಡುಕ್ತಿದೀರಿ ನೀವೆಲ್ಲ?"

"ಉಂಗುರ ಅಜ್ಜಿ."

"ಯಾರದು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಂದಿ ಬೆಟ್ಟದ ಕಡೆ ನೋಡಿದೆ. ಇಸ್ತ್ರಿ ಪ್ಯಾಂಟಿನವರು ಮಡಿಕೆ ಬಿಚ್ಚಿಕೊಂಡು, ಮಕ್ಕಳನ್ನು ಕಾರಿಗೆ ಹತ್ತಿಸಿ, 12ನೇ ನಂಬರ್ ಸೈಟಿನ ಕಡೆಗೆ ಹೋದರು.

ಏಜೆಂಟ್ ಹುಡುಗ ಮಾತ್ರ ಹೋಗಲಿಲ್ಲ. ಅವನು ನನ್ನ ಪೊಟ್ಟಣವನ್ನು ನೋಡುತ್ತಿದ್ದ. "ಬೆರಕೆಗಾ ಅಮ್ಮ?" ಅಂದ. ಊರು ಗೌರಿಬಿದನೂರಿನ ಕಡೆಯಂತೆ. ಟೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿ ಕೂತ. ಅಬ್ಬ, ಆ ಕೈ! ನಾನು ಒಂದು ಎಲೆ ಎತ್ತಿ ಯೋಚಿಸುವಷ್ಟರಲ್ಲಿ ಅವನು ಒಂದು ಹಿಡಿ ಚಿವುಟಿರುತ್ತಿದ್ದ. ಕನ್ನೆ, ಕೊಮ್ಮೆ, ಮುಳ್ಳು ಚುಚ್ಚದ ಹಾಗೆ ಮುಳ್ಳುಕೀರೆ. ದೊಡ್ಡಮ್ಮ ಛತ್ರಿಯನ್ನು ನನ್ನ ಕಡೆಗೆ ಚಾಚುವುದನ್ನೇ ನಿಲ್ಲಿಸಿದಳು. "ನಿಮ್ಮಮ್ಮ ಕಲಿಸಿದ್ರಾ? ಹೊಟ್ಟೆ ತಣ್ಣಗಿರಲಿ" ಅಂದಳು. ನನ್ನ ಸ್ವಂತ ದೊಡ್ಡಮ್ಮ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವತ್ತಿನ ಸುಳ್ಳಿನ ಲೆಕ್ಕ ಅವತ್ತೇ ಮುಗಿದಿತ್ತು.

ಪೊಟ್ಟಣ ತುಂಬಿತು. ಇನ್ನೊಂದು ಬ್ರೋಷರ್ ಬಂತು.

ಹೊರಡುವಾಗ ದೊಡ್ಡಮ್ಮ ಅವನನ್ನು, "ಇದು ಯಾರ ಹೊಲ ಆಗಿತ್ತಪ್ಪ?" ಅಂತ ಕೇಳಿದಳು.

"ಗೊತ್ತಿಲ್ಲ ಅಮ್ಮ. ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಯ್ತಷ್ಟೆ."

"ರಾಗಿ ಹೊಲ. ಅಕ್ಕಡಿ ಸಾಲಿಗೆ ಅವರೆ ಹಾಕಿದ್ರು, ಹುಚ್ಚೆಳ್ಳೂ ಹಾಕಿದ್ರು." ಕಲ್ಲಿನ ಬುಡದಲ್ಲಿ ಒಂದೇ ಒಂದು ಹುಚ್ಚೆಳ್ಳಿನ ಗಿಡ ತಾನಾಗಿ ಎದ್ದಿತ್ತು. ಹುಡುಗ ಅದನ್ನು ನೋಡಿದ. ಟೈಯನ್ನು ಮತ್ತೆ ಮುಂದಕ್ಕೆ ಹಾಕಿಕೊಂಡ.

ಸೈಟು ತಗೊಳ್ಳಲಿಲ್ಲ. ಈಗ ಅದರ ಬೆಲೆ ಎಷ್ಟಿದೆ ಅಂತ ಕೇಳಬೇಡಿ. ಮನೆಯಲ್ಲಿ ಮಸ್ಸೊಪ್ಪು ಮಾಡಿದಾಗಲೆಲ್ಲ ಹೆಂಡತಿ ಬಡಿಸುತ್ತಾ, "ತಿನ್ನಿ, 64ನೇ ನಂಬರು" ಅನ್ನುತ್ತಾಳೆ.

ಅವತ್ತಿನ ಸಾರು ಹೇಗಿತ್ತು ಅಂತ ಮಾತ್ರ ಹೇಳಬಲ್ಲೆ. ದೊಡ್ಡಮ್ಮ ಬೇಳೆ ಜೊತೆ ಬೇಯಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಮಸೆದಳು. ಹುಣಸೆಹಣ್ಣು ಸ್ವಲ್ಪವೇ ಸಾಕು ಅಂದಳು, ಗೋಣಿ ಸೊಪ್ಪು ಬೆಳಗ್ಗೆ ಕಿತ್ತದ್ದಂತೆ. ಅದು ಹಟದ ಮಾತು ಅಂದುಕೊಂಡಿದ್ದೆ. ಆಮೇಲೆ ಎಲ್ಲೋ ಓದಿದೆ: ನೀರು ಕಡಿಮೆಯಾದಾಗ ಆ ಗಿಡ ರಾತ್ರಿ ಹೊತ್ತು ಎಲೆಯಲ್ಲಿ ಹುಳಿ ಕೂಡಿಡುತ್ತದೆ, ಹಗಲು ಬಿಸಿಲಿಗೆ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಬೆಳಗ್ಗೆ ಕಿತ್ತರೆ ಹುಳಿ ಜಾಸ್ತಿ. ದೊಡ್ಡಮ್ಮ ಇದನ್ನು ನಾಲಿಗೆಯಿಂದ ಕಲಿತಿದ್ದಳು.

ಈಗ ನಮ್ಮೂರಿನ ಹೊಲಗಳಲ್ಲೂ ಸೊಪ್ಪು ಕಡಿಮೆ. ಕಳೆ ಕೀಳೋಕೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. ಅದಕ್ಕೆ ಟೂ-ಫೋರ್-ಡಿ ಅಂತ ಕಳೆ ಔಷಧಿ ಹೊಡೆಯುತ್ತಾರೆ. ರಾಗಿ ಹುಲ್ಲಿನ ಜಾತಿ, ಅದಕ್ಕೆ ಏನೂ ಆಗುವುದಿಲ್ಲ. ಅಗಲ ಎಲೆಯವು ಸಾಯುತ್ತವೆ. ಅಗಲ ಎಲೆಯವು ಅಂದರೆ ಅಣ್ಣೆ, ಕೀರೆ, ಗೋಣಿ, ಎಲ್ಲ. ಹೊಡೆಯುವವರನ್ನು ಬೈಯುವುದು ಸುಲಭ, ನಾನಂತೂ ಒಂದು ದಿನವೂ ಪೂರ್ತಿ ಕಳೆ ಕಿತ್ತವನಲ್ಲ. ಇತ್ತ ಬೆಂಗಳೂರಿನಲ್ಲಿ ಭಾನುವಾರ ಟೋಪಿ ಹಾಕಿಕೊಂಡು, ದುಡ್ಡು ಕೊಟ್ಟು, ಸಾಲಾಗಿ ಸೊಪ್ಪು ನೋಡಲು ಹೋಗುವವರು ಇದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ಯಾಕೆ ಅಂತ ಸರಿಯಾಗಿ ಹೇಳಲಾರೆ. ಬಹುಶಃ ಅವರು ನನಗಿಂತ ಜಾಸ್ತಿ ಸೊಪ್ಪು ಗುರುತು ಹಿಡಿಯುತ್ತಾರೆ, ಅದಕ್ಕೇ ಇರಬೇಕು.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಮನೆಗೆ ತಂದು ಪೇಪರ್ ಮೇಲೆ ಸುರಿದು ಬಿಡಿಸಿದೆ. ಪಾಲಕ್, ಮೆಂತ್ಯ, ಸಬ್ಬಸಿಗೆ, ದಂಟು. ದಂಟಿನ ಕಡ್ಡಿಗಳ ಮಧ್ಯೆ ಸಿಕ್ಕಿಕೊಂಡು ಬೆರಳುದ್ದದ ಒಂದು ಕೆಂಪು ಕಡ್ಡಿ, ನಾಲ್ಕು ದಪ್ಪ ಎಲೆ. ಗೋಣಿ ಸೊಪ್ಪು! ಯಾರೋ ದಂಟಿನ ಪಾತಿಯಲ್ಲಿ ಕಳೆ ಸರಿಯಾಗಿ ತೆಗೆದಿಲ್ಲ. 79 ರೂಪಾಯಿಗೆ ಒಂದು ಎಳೆ ನಿಜವಾದ ಬೆರಕೆ ಸೊಪ್ಪು ಬಂದಿತ್ತು. ಅದನ್ನು ಬಾಲ್ಕನಿಯ ಕುಂಡದಲ್ಲಿ ಚುಚ್ಚಿದೆ. ಎಲ್ಲಿ ಚುಚ್ಚಿದರೂ ಬರುವ ಗಿಡ, ನಾಲ್ಕೇ ದಿನಕ್ಕೆ ತಲೆ ಎತ್ತಿತು.

ಆಗ ಅನುಮಾನ ಬಂತು. ನೆಟ್ಟಿದ್ದು ನಾನು. ಹಾಗಾದರೆ ಇದು ಬೆರಕೆಗೆ ಸೇರುತ್ತದೋ ಇಲ್ಲವೋ? ಎಷ್ಟು ಬಗೆ ಸೇರಬೇಕು ಅನ್ನುವುದನ್ನೂ ಕೇಳಿಬಿಡೋಣ ಅಂತ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಈಗ ಎಂಬತ್ತು ದಾಟಿದೆ, ಕಣ್ಣು ಚೆನ್ನಾಗಿದೆ, ಕಿವಿ ಮಂದ.

"ದೊಡ್ಡಮ್ಮ, ಮನೇಲಿ ಗೋಣಿ ಹಾಕಿದೀನಿ" ಅಂತ ಕೂಗಿದೆ.

"ಏನು?"

"ಗೋಣಿ! ಗೋಣಿ!"

"ಓ, ರಾಗಿ ಬಂತಾ? ಎಷ್ಟು ಗೋಣಿ ಆಯ್ತೋ?"

ಸ್ವಲ್ಪ ಹೊತ್ತು ಕುಂಡ ನೋಡುತ್ತಾ ನಿಂತೆ.

"ಒಂದು" ಅಂದೆ.

"ಹೋಗ್ಲಿ ಬಿಡು, ಮಳೆ ಎಲ್ಲಿತ್ತು" ಅಂದಳು.